ಗ್ಲುಕೋಮೀಟರ್ ಕೊಳ್ಳುವ ಮುಂಚೆ ಸ್ಟ್ರಿಪ್ ಡಬ್ಬಿ ಓದಿ

ಭಾರತದಲ್ಲಿ ಎಷ್ಟು ಜನರಿಗೆ ಶುಗರ್ ಇದೆ ಎಂದು ನಾವು ಆಡುವ ಅಂಕಿಗಳು ಬಹುಮಟ್ಟಿಗೆ ಮನೆಮನೆಗೆ ಹೊತ್ತೊಯ್ದ ಗ್ಲುಕೋಮೀಟರುಗಳಿಂದಲೇ ಬಂದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2008ರಿಂದ 2020ರ ನಡುವೆ 20 ವರ್ಷ ದಾಟಿದ 1,13,043 ಜನರನ್ನು ಪರೀಕ್ಷಿಸಿತು. ಬೆರಳ ತುದಿಯ ರಕ್ತ, ಒನ್‌ಟಚ್ ಅಲ್ಟ್ರಾ ಮೀಟರ್. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹ, ಅಂದರೆ 10.1 ಕೋಟಿ ಜನ, ಇನ್ನೂ 15.3 ಮಂದಿ ಅದರ ಹೊಸ್ತಿಲಲ್ಲಿ. ಗೋವಾದಲ್ಲಿ 26.4, ಉತ್ತರ ಪ್ರದೇಶದಲ್ಲಿ 4.8. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು (2019–21) ಬಳಸಿದ್ದೂ ಬೆರಳಿಗೆ ಚುಚ್ಚಿ ನೋಡುವ ಆಕ್ಯು-ಚೆಕ್ ಪರ್ಫಾರ್ಮಾವನ್ನೇ.

ಇದೇ ಬಗೆಯ ಮೆಷಿನ್ ಇಂದು ಲಕ್ಷಾಂತರ ಮನೆಗಳ ಷೋಕೇಸಿನಲ್ಲಿದೆ. ಅದರ ಜೊತೆಗಿರುವ, ರಕ್ತದ ಹನಿ ಹಚ್ಚುವ ಸ್ಟ್ರಿಪ್‌ಗಳ ಡಬ್ಬಿಯ ಅವಧಿ ಮುಗಿದಿರುತ್ತದೆ, ಮೀಟರಿನ ಗಡಿಯಾರ ತಪ್ಪು ತಾರೀಖು ತೋರಿಸುತ್ತಿರುತ್ತದೆ, ಬಂದ ಅಂಕಿಯನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ವಸ್ತು ಒಳ್ಳೆಯದು. ಅದನ್ನು ಮಾರುವ ರೀತಿ ಮತ್ತು ಬಳಸುವ ರೀತಿ ಎರಡೂ ಸೋಲುತ್ತಿವೆ. ಅದಕ್ಕಾಗಿಯೇ ಇದೊಂದು ಮಾದರಿಯ ವಿಮರ್ಶೆಯಾಗದೆ, ಭಾರತದ ಅಂಗಡಿಯಲ್ಲಿ ಸಿಗುವ ಮನೆ ಗ್ಲುಕೋಮೀಟರ್ ಎಂಬ ಸರಕಿನದೇ ವಿಮರ್ಶೆ. ಇಲ್ಲಿನ ರಕ್ತಸಕ್ಕರೆಯ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು.

ಮೊದಲು ನಿಖರತೆ. ಪೆಟ್ಟಿಗೆಯ ಮೇಲೆ "ಐಎಸ್‌ಒ 15197:2013" ಎಂದು ಇದೆಯೇ ನೋಡಿ. ಆ ಮಾನದಂಡ ಕೇಳುವುದು ಇಷ್ಟು: ಲ್ಯಾಬಿನ ಮೌಲ್ಯ 100ಕ್ಕಿಂತ ಕಡಿಮೆಯಿದ್ದರೆ ಮೀಟರ್ 15 ಅಂಕದೊಳಗೆ, 100 ಅಥವಾ ಹೆಚ್ಚಿದ್ದರೆ ಶೇಕಡಾ 15ರೊಳಗೆ ಇರಬೇಕು, ನೂರು ಸಲದಲ್ಲಿ 95 ಸಲವಾದರೂ. ಲ್ಯಾಬಿನಲ್ಲಿ 160 ಬಂದರೆ ಮೀಟರಿನಲ್ಲಿ 136ರಿಂದ 184ರವರೆಗೆ ಏನು ಬಂದರೂ ಅದು ಪಾಸು. ಇದನ್ನು ತಿಳಿಯದೆ ನಿನ್ನೆ 148, ಇವತ್ತು 157 ಎಂದು ರಾತ್ರಿ ಊಟ ಬಿಡುವವರಿದ್ದಾರೆ. ಆ ಎರಡು ಅಂಕಿ ಮೀಟರಿನ ಭಾಷೆಯಲ್ಲಿ ಒಂದೇ. ಒಂದೇ ಬೆರಳಿಗೆ ಎರಡು ಸಲ ಚುಚ್ಚಿ ಎರಡು ಅಂಕಿ ಬಂದರೆ ಮೆಷಿನ್ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವುದೂ ಇದೇ ಕಾರಣಕ್ಕೆ ತಪ್ಪು.

ಲ್ಯಾಬಿನ ಜೊತೆ ಹೋಲಿಸಿ ನೋಡುವುದು ಒಳ್ಳೆಯದೇ, ಆದರೆ ಸರಿಯಾಗಿ ಹೋಲಿಸಬೇಕು. ಖಾಲಿಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ. ತೋಳಿನಿಂದ ರಕ್ತ ತೆಗೆದ ಐದು ನಿಮಿಷದೊಳಗೆ ಬೇರೆ ಕೈಯ ಬೆರಳಿನಿಂದ ಸ್ಟ್ರಿಪ್ ಹಾಕಿ. ಊಟದ ನಂತರ ಹೋಲಿಸಬೇಡಿ: ತಿಂದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತಕ್ಕಿಂತ ಹೆಚ್ಚಿರುವುದು ಸಹಜ. ಇಂಡಿಯಾಬ್‌ನವರೂ ಇದನ್ನು ಲೆಕ್ಕಕ್ಕೆ ಹಿಡಿದಿದ್ದರು, 82.5 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ಬೆರಳಿನಲ್ಲಿ ನೋಡುವಾಗ ಮಧುಮೇಹ ಎನ್ನಲು ಅವರ ಗೆರೆ 220, ತೋಳಿನ ರಕ್ತಕ್ಕೆ ವಾಡಿಕೆಯ ಗೆರೆ 200. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಲ್ಯಾಬಿನ ಅಂಕಿಯೂ ತಪ್ಪಬಹುದು. ಟ್ಯೂಬಿನಲ್ಲಿ ಕುಳಿತ ರಕ್ತದ ಕಣಗಳು ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸಿದರೂ ಮೊದಲ ಒಂದೆರಡು ಗಂಟೆ ಇದು ಪೂರ್ತಿ ನಿಲ್ಲುವುದಿಲ್ಲ. ಹಳ್ಳಿಯ ಸಂಗ್ರಹ ಕೇಂದ್ರದಿಂದ ಜಿಲ್ಲೆಯ ಲ್ಯಾಬಿಗೆ ಮಧ್ಯಾಹ್ನ ತಲುಪಿದ ರಕ್ತ ಕಡಿಮೆ ತೋರಿಸಿದರೆ ಮೀಟರನ್ನು ದೂರಬೇಡಿ.

ಈಗ ಹಣದ ಮಾತು. 2021ರ ಜನವರಿಯಿಂದ ಗ್ಲುಕೋಮೀಟರ್ ಔಷಧ ಕಾಯ್ದೆಯ ನಿಯಂತ್ರಣಕ್ಕೆ ಬಂದಿದೆ. ಅದೇ ವರ್ಷ ಜುಲೈನಲ್ಲಿ ಔಷಧ ಬೆಲೆ ನಿಯಂತ್ರಿಸುವ ಕೇಂದ್ರದ ಸಂಸ್ಥೆ ಎನ್‌ಪಿಪಿಎ ಅದರ ಮೇಲಿನ ವ್ಯಾಪಾರಿ ಲಾಭ ಶೇಕಡಾ 70 ಮೀರದಂತೆ ಕಟ್ಟು ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಮೀಟರ್ ಮತ್ತು ಸ್ಟ್ರಿಪ್ ಎರಡರ ಜಿಎಸ್‌ಟಿಯೂ 12ರಿಂದ 5ಕ್ಕೆ ಇಳಿಯಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಮೀಟರ್ ಒಂದು ಸಲದ ಖರ್ಚು, ಸ್ಟ್ರಿಪ್ ಜೀವಮಾನದ ಖರ್ಚು. ಬ್ರ್ಯಾಂಡ್ ನೋಡಿಕೊಂಡು ಒಂದು ಸ್ಟ್ರಿಪ್ಪಿಗೆ ಸುಮಾರು 10ರಿಂದ 25 ರೂಪಾಯಿ ಬೀಳುತ್ತದೆ. 20 ರೂಪಾಯಿಯ ಸ್ಟ್ರಿಪ್ಪನ್ನು ದಿನಕ್ಕೊಂದು ಬಳಸಿದರೆ ತಿಂಗಳಿಗೆ 600. ಮೀಟರ್ ಪುಕ್ಕಟೆ ಎಂಬ ಆಫರ್ ಕಂಡರೆ ಸ್ಟ್ರಿಪ್ಪಿನ ದರವನ್ನೇ ಕೇಳಿ. ನಿಮ್ಮ ತಾಲ್ಲೂಕಿನ ಎರಡು ಮೆಡಿಕಲ್ ಸ್ಟೋರಿನಲ್ಲಾದರೂ ಆ ಸ್ಟ್ರಿಪ್ ಸಿಗುತ್ತದೆಯೇ ವಿಚಾರಿಸಿ. ಆನ್‌ಲೈನಿನಲ್ಲಿ ಮಾತ್ರ ಸಿಗುವ ಸ್ಟ್ರಿಪ್ ಮುಗಿದ ದಿನವೇ ಬೇಕಾಗುತ್ತದೆ.

50ರ ಡಬ್ಬಿ ಅಗ್ಗ ಎಂದು ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಇಲ್ಲಿ ಸಣ್ಣ ಲೆಕ್ಕವಿದೆ. ಕೆಲವು ಸ್ಟ್ರಿಪ್‌ಗಳು ಡಬ್ಬಿಯ ಮೇಲಿನ ತಾರೀಖಿನವರೆಗೂ ನಡೆಯುತ್ತವೆ. ಇನ್ನು ಕೆಲವಕ್ಕೆ ಡಬ್ಬಿ ತೆರೆದ ಮೇಲೆ 3 ಅಥವಾ 6 ತಿಂಗಳಷ್ಟೇ ಆಯುಸ್ಸು. ತಿಂಗಳಿಗೆ ಆರು ಸ್ಟ್ರಿಪ್ ಬಳಸುವವರಿಗೆ 50ರ ಡಬ್ಬಿ ಎಂಟು ತಿಂಗಳು ಬರುತ್ತದೆ. ಕೊನೆಯ ಹತ್ತು-ಹದಿನೈದು ಸ್ಟ್ರಿಪ್ ಹಾಳಾಗಿರುವ ಸಾಧ್ಯತೆ ಹೆಚ್ಚು. ಅಂಥವರಿಗೆ 25ರ ಡಬ್ಬಿಯೇ ಲಾಭ. ತೆರೆದ ದಿನವನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ.

ಮಾದರಿಗಳ ವಿಚಾರಕ್ಕೆ ಬಂದರೆ, ಬೆಳಕು, ಬ್ಲೂಟೂತ್, ಆ್ಯಪ್‌ಗಳಿಗಿಂತ ಮುಖ್ಯವಾದ ಒಂದು ಸಾಲು ಸ್ಟ್ರಿಪ್ಪಿನ ಜೊತೆಯ ಚೀಟಿಯಲ್ಲಿ ಅತಿ ಸಣ್ಣ ಅಕ್ಷರದಲ್ಲಿರುತ್ತದೆ: ಹೆಮಟೋಕ್ರಿಟ್ ವ್ಯಾಪ್ತಿ. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟಿದ್ದರೆ ಸ್ಟ್ರಿಪ್ ನಂಬಿಕೆಗೆ ಅರ್ಹ ಎನ್ನುವ ಅಂಕಿ ಅದು. ಕೆಂಪುಕಣ ಕಡಿಮೆಯಿದ್ದರೆ ಸ್ಟ್ರಿಪ್ಪಿನೊಳಗೆ ಪ್ಲಾಸ್ಮಾ (ರಕ್ತದ ದ್ರವ ಭಾಗ) ಹೆಚ್ಚು ಸೇರಿ, ಸಕ್ಕರೆ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕಣಗಳು ಹೆಚ್ಚಿದ್ದರೆ ಕಡಿಮೆ ಕಾಣುತ್ತದೆ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ದೇಶದಲ್ಲಿ ಈ ಸಾಲನ್ನು ಪೆಟ್ಟಿಗೆಯ ಮುಂಭಾಗದಲ್ಲೇ ಅಚ್ಚು ಹಾಕಬೇಕಿತ್ತು.

ಮನೆಯಲ್ಲೇ ಲೆಕ್ಕ ಹಾಕಬಹುದು. ಇತ್ತೀಚಿನ ಹಿಮೋಗ್ಲೋಬಿನ್ ಅಂಕಿಯನ್ನು 3ರಿಂದ ಗುಣಿಸಿದರೆ ಹೆಮಟೋಕ್ರಿಟ್ (ಲ್ಯಾಬ್ ವರದಿಯಲ್ಲಿ ಪಿಸಿವಿ) ಸುಮಾರಾಗಿ ಸಿಗುತ್ತದೆ. ಹಿಮೋಗ್ಲೋಬಿನ್ 9 ಇದ್ದರೆ 27. ಚೀಟಿಯಲ್ಲಿ 30ರಿಂದ 55 ಎಂದಿರುವ ಸ್ಟ್ರಿಪ್ ಆ ಹೆಂಗಸಿಗೆ ಹೊಂದುವುದೇ ಇಲ್ಲ. ಕಾಂಟೂರ್ ಪ್ಲಸ್ ಸ್ಟ್ರಿಪ್ಪಿನ ವ್ಯಾಪ್ತಿ 0ರಿಂದ 70, ಆಕ್ಯು-ಚೆಕ್ ಇನ್‌ಸ್ಟಂಟ್‌ನದು 10ರಿಂದ 65. ರಕ್ತಹೀನತೆ ಇರುವವರು, ಬಸುರಿಯರು, ಕಿಡ್ನಿ ತೊಂದರೆ ಇರುವವರು ಇಂಥ ಅಗಲದ ವ್ಯಾಪ್ತಿಯ ಸ್ಟ್ರಿಪ್ಪನ್ನೇ ಆರಿಸಬೇಕು. ಎರಡು ರೂಪಾಯಿ ಉಳಿಸಲು ಇಲ್ಲಿ ರಾಜಿ ಬೇಡ.

ಕಾಂಟೂರ್ ಪ್ಲಸ್‌ನ ಇನ್ನೊಂದು ಗುಣ, ಮೊದಲ ಹನಿ ಸಾಲದಿದ್ದರೆ 30 ಸೆಕೆಂಡಿನೊಳಗೆ ಅದೇ ಸ್ಟ್ರಿಪ್ಪಿಗೆ ಇನ್ನಷ್ಟು ರಕ್ತ ಹಚ್ಚಬಹುದು. ಬೆರಳು ದಪ್ಪಗಟ್ಟಿದ ರೈತರಿಗೆ, ಕೈ ನಡುಗುವ ಹಿರಿಯರಿಗೆ ಇದರಿಂದ ಸ್ಟ್ರಿಪ್ ಉಳಿಯುತ್ತದೆ. ಇದಕ್ಕೂ ಇನ್‌ಸ್ಟಂಟ್‌ಗೂ ಬೇಕಾದದ್ದು 0.6 ಮೈಕ್ರೋಲೀಟರ್ ರಕ್ತ. ಒನ್‌ಟಚ್ ಸೆಲೆಕ್ಟ್ ಪ್ಲಸ್ 1 ಮೈಕ್ರೋಲೀಟರ್ ಕೇಳುತ್ತದೆ, ಅಂಕಿ ಮಿತಿಯೊಳಗಿದೆಯೋ ಇಲ್ಲವೋ ಎಂದು ಬಣ್ಣದ ಗುರುತಿನಿಂದ ತೋರಿಸುತ್ತದೆ. ಓದು ಬಾರದವರಿಗೆ ಅದು ಅನುಕೂಲ. ನಮ್ಮಲ್ಲಿ ಬಹುಕಾಲದಿಂದ ಮನೆಮಾತಾಗಿರುವ ಆಕ್ಯು-ಚೆಕ್ ಆ್ಯಕ್ಟಿವ್‌ಗೆ 1ರಿಂದ 2 ಮೈಕ್ರೋಲೀಟರ್, ಅಂದರೆ ತುಸು ದೊಡ್ಡ ಹನಿ ಬೇಕು. ಅದರ ಸ್ಟ್ರಿಪ್ ಅಗಲವಾಗಿದ್ದು ಹಿಡಿಯಲು ಸುಲಭ. ಹಿಂಬದಿಯ ದುಂಡು ಕಿಂಡಿಯ ಬಣ್ಣವನ್ನು ಡಬ್ಬಿಯ ಮೇಲಿನ ಪಟ್ಟಿಯೊಡನೆ ತಾಳೆ ನೋಡಬಹುದು. ಬಳಸುವ ಮುಂಚೆಯೇ ಆ ಕಿಂಡಿ ಬಣ್ಣ ತಿರುಗಿದ್ದರೆ ಸ್ಟ್ರಿಪ್ ಹಾಳು. ಅಗ್ಗದ ದೇಸಿ ಬ್ರ್ಯಾಂಡುಗಳನ್ನು ತಳ್ಳಿಹಾಕಬೇಕಿಲ್ಲ. ಐಎಸ್‌ಒ ಗುರುತು, ಪರವಾನಗಿ ಸಂಖ್ಯೆ, ಹೆಮಟೋಕ್ರಿಟ್ ವ್ಯಾಪ್ತಿ ಮೂರೂ ಸರಿಯಿದ್ದು, ಒಮ್ಮೆ ಲ್ಯಾಬಿನೊಡನೆ ಹೊಂದಿದರೆ, ದಿನವೂ ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ ರೋಗಿಯ ಜೇಬಿಗೆ ಅವೇ ದೊಡ್ಡ ಉಪಕಾರ.

ಡಯಾಲಿಸಿಸ್ ಬಗ್ಗೆ ಒಂದು ಗಂಭೀರ ಎಚ್ಚರಿಕೆ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಐಕೋಡೆಕ್ಸ್‌ಟ್ರಿನ್ ದ್ರವ ಬಳಸುವವರ ರಕ್ತದಲ್ಲಿ ಮಾಲ್ಟೋಸ್ ಎಂಬ ಬೇರೆ ಬಗೆಯ ಸಕ್ಕರೆ ಸೇರುತ್ತದೆ. ಹಳೆಯ ಜಿಡಿಎಚ್-ಪಿಕ್ಯೂಕ್ಯೂ ಬಗೆಯ ಸ್ಟ್ರಿಪ್ ಅದನ್ನೂ ಗ್ಲುಕೋಸ್ ಎಂದೇ ಎಣಿಸುತ್ತದೆ. ಸುಳ್ಳು ಹೆಚ್ಚಳ ನಂಬಿ ಇನ್ಸುಲಿನ್ ಕೊಟ್ಟು 13 ಸಾವುಗಳಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಎಚ್ಚರಿಕೆ ಹೊರಡಿಸಿತು. ಮಾಲ್ಟೋಸ್ ಅಡ್ಡಿಪಡಿಸುವುದಿಲ್ಲ ಎಂದು ಚೀಟಿಯಲ್ಲಿ ಸ್ಪಷ್ಟವಾಗಿದ್ದರೆ ಮಾತ್ರ ಇವರು ಕೊಳ್ಳಬೇಕು.

ವಿದೇಶದಲ್ಲಿರುವ ಮಕ್ಕಳು ತಂದುಕೊಡುವ ಮೀಟರುಗಳದು ಬೇರೆಯೇ ತೊಡಕು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಮೀಟರುಗಳು ಮಿಲಿಮೋಲ್‌ನಲ್ಲಿ ತೋರಿಸುತ್ತವೆ. 7.0 ಎಂದರೆ ನಮ್ಮ 126, 18ರಿಂದ ಗುಣಿಸಬೇಕು. ಎಷ್ಟೋ ಮಾದರಿಗಳಲ್ಲಿ ಈ ಏಕಮಾನ ಬದಲಿಸಲು ಬರುವುದಿಲ್ಲ. 15 ಎಂದು ಕಂಡು ಶುಗರ್ ಕುಸಿದಿದೆ ಎಂದು ಸಕ್ಕರೆ ನೀರು ಕುಡಿಸಿದರೆ, ನಿಜಕ್ಕೆ ಅದು 270. ಜೊತೆಗೆ ಅದರ ಸ್ಟ್ರಿಪ್ ಇಲ್ಲಿ ಸಿಗದಿರಬಹುದು. ಪ್ರೀತಿಯಿಂದ ತರುವುದಾದರೆ ಮೀಟರ್ ಬಿಟ್ಟು ಇಲ್ಲಿನ ಸ್ಟ್ರಿಪ್ಪಿಗೆ ದುಡ್ಡು ಕಳಿಸುವುದು ಲೇಸು.

ತಪ್ಪು ಅಂಕಿಗೆ ಅತಿ ಸಾಮಾನ್ಯ ಕಾರಣ ಕೈ. ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿದ ಕೈಗಳಿಂದ ರಕ್ತ ತೆಗೆದು ನೋಡಿದ ಜಪಾನಿನ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತೊಳೆಯದ ಬೆರಳಿನಲ್ಲಿ ಅಂಕಿ ಭಾರಿಯಾಗಿ ಏರಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಇಳಿಯಲಿಲ್ಲ. ನಲ್ಲಿ ನೀರಿನಲ್ಲಿ ತೊಳೆದರೆ ಸರಿಹೋಯಿತು. ಮಾವಿನ ಕಾಲದಲ್ಲಿ, ಬೆಲ್ಲ ಕುಟ್ಟಿದ ದಿನ, ಪಂಚಾಮೃತ ಕೈಗೆ ಹಾಕಿಸಿಕೊಂಡ ಮೇಲೆ ಇದನ್ನು ನೆನಪಿಡಿ. ಸೋಪು ಹಚ್ಚಿ, ಸಾಧ್ಯವಾದರೆ ಬೆಚ್ಚಗಿನ ನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ. ಒದ್ದೆ ಬೆರಳಿನ ನೀರು ಹನಿಯನ್ನು ತೆಳುವಾಗಿಸುತ್ತದೆ. ಕೈಯನ್ನು ಸೊಂಟದ ಕೆಳಗೆ ಇಳಿಬಿಟ್ಟು ಅರ್ಧ ನಿಮಿಷ ನಿಂತು, ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿ; ನೋವು ಕಡಿಮೆ. ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದವನ್ನು ಸರದಿಯಂತೆ ಬಳಸಿ. ಚುಚ್ಚುವ ಪೆನ್ನಿನ ಆಳ 2 ಅಥವಾ 3ರಿಂದ ಶುರುಮಾಡಿ. ಹನಿ ಬರದಿದ್ದರೆ ಬುಡದಿಂದ ಮೆಲ್ಲಗೆ ಸವರಿ, ತುದಿಯನ್ನು ಹಿಂಡಬೇಡಿ. ಕೈ ತೊಳೆಯಲು ನೀರೇ ಇಲ್ಲದಾಗ ಮೊದಲ ಹನಿ ಒರೆಸಿ ಎರಡನೆಯದನ್ನು ಹಚ್ಚಿ.

ಸ್ಟ್ರಿಪ್ಪಿಗೆ ನಮ್ಮ ಹವೆ ಶತ್ರು. ಡಬ್ಬಿಯ ಮುಚ್ಚಳದಲ್ಲೋ ಗೋಡೆಯಲ್ಲೋ ತೇವ ಹೀರುವ ಪದಾರ್ಥ ಇರುತ್ತದೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಬೇಕು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಒಂದು ರಾತ್ರಿ ಸಾಕು. ಸ್ಟ್ರಿಪ್ಪನ್ನು ಬಿಡಿಯಾಗಿ ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಡುವುದು, ಹಳೆಯ ಡಬ್ಬಿಯ ಉಳಿಕೆಯನ್ನು ಹೊಸದಕ್ಕೆ ಸುರಿಯುವುದು ಎರಡೂ ಕೂಡದು. ಹೆಚ್ಚಿನವು 30 ಡಿಗ್ರಿಯ ಒಳಗಿರಬೇಕು ಎನ್ನುತ್ತವೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಬೈಕಿನ ಡಬ್ಬದಲ್ಲಿಟ್ಟರೆ ಕೆಟ್ಟವೆಂದೇ ಲೆಕ್ಕ. ಹಾಗೆಂದು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ಬೆವರಿ ತೇವ ಸೇರುತ್ತದೆ. ಮನೆಯ ತಂಪು ಮೂಲೆಯ ಕಪಾಟು ಸರಿಯಾದ ಜಾಗ. ಅಡುಗೆಮನೆ, ಬಚ್ಚಲ ಪಕ್ಕ ಬೇಡ. ಮೀಟರ್ ಕೈಜಾರಿ ಬಿದ್ದಾಗ, ಹೊಸ ಡಬ್ಬಿ ತೆರೆದಾಗ ಕಂಟ್ರೋಲ್ ದ್ರಾವಣದ (ಸಕ್ಕರೆ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರವ) ಹನಿ ಹಾಕಿ ನೋಡಬೇಕು ಎಂದು ಪುಸ್ತಿಕೆ ಹೇಳುತ್ತದೆ, ಆದರೆ ನಮ್ಮ ಅಂಗಡಿಗಳಲ್ಲಿ ಆ ದ್ರಾವಣ ಕೇಳಿದರೆ ಸಿಗುವುದು ಅಪರೂಪ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಬೇಕಾಗುತ್ತದೆ. ಈ ಸರಕಿನ ಸೇವೆಯಲ್ಲಿ ಎದ್ದು ಕಾಣುವ ಕೊರತೆ ಇದು.

ಇನ್ನು ಯಾವಾಗ ನೋಡಬೇಕು. ಇನ್ಸುಲಿನ್ ಇಲ್ಲದೆ ಮಾತ್ರೆಯಲ್ಲೇ ಇರುವವರು ದಿನಾ ಬೆಳಿಗ್ಗೆ ಒಂದು ಸ್ಟ್ರಿಪ್ ಸುಡುವುದರಿಂದ ಬರುವ ಲಾಭ ಬಹಳ ಕಡಿಮೆ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಇಂಥ 450 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೊಮ್ಮೆ ನೋಡಿಕೊಂಡವರಿಗೂ ನೋಡದವರಿಗೂ ಒಂದು ವರ್ಷದ ಕೊನೆಗೆ ಎಚ್‌ಬಿಎ1ಸಿಯಲ್ಲಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂಕಿ ನೋಡಿ ಏನನ್ನೂ ಬದಲಿಸದಿದ್ದರೆ ಅಂಕಿಯಿಂದ ಏನಾಗಬೇಕು?

ಅದರ ಬದಲು ಜೋಡಿ ಪರೀಕ್ಷೆ ಮಾಡಿ. ವೈದ್ಯರನ್ನು ಕಾಣುವ ಹಿಂದಿನ ವಾರ ಮೂರು ದಿನ ಆರಿಸಿಕೊಳ್ಳಿ. ಒಂದು ದಿನ ಬೆಳಗಿನ ತಿಂಡಿ, ಒಂದು ದಿನ ಮಧ್ಯಾಹ್ನದ ಊಟ, ಒಂದು ದಿನ ರಾತ್ರಿಯೂಟ: ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ. ಊಟ ಮುಗಿದ ಹೊತ್ತಿನಿಂದ ಎಣಿಸಬಾರದು. ಒಟ್ಟು ಆರು ಸ್ಟ್ರಿಪ್. ಪಕ್ಕದಲ್ಲಿ ತಿಂದದ್ದನ್ನು ಅಳತೆಯೊಂದಿಗೆ ಬರೆಯಿರಿ: ಇಡ್ಲಿ ನಾಲ್ಕು, ಅನ್ನ ಎರಡು ಸೌಟು, ಮುದ್ದೆ ಒಂದು. ವಯಸ್ಕರಲ್ಲಿ ಬಹುಪಾಲು ಮಂದಿಗೆ ಊಟದ ಮುಂಚೆ 80ರಿಂದ 130, ಎರಡು ಗಂಟೆಯ ಮೇಲೆ 180ರ ಒಳಗೆ ಗುರಿ. ತೀರಾ ಹಿರಿಯರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ, ಬಸುರಿಯರಿಗೆ ಬಿಗಿಗೊಳಿಸುತ್ತಾರೆ. ರಾಗಿ ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಈ ಜೋಡಿ ಪರೀಕ್ಷೆಯಲ್ಲಿ ಹಲವರಿಗೆ ಮುರಿದುಬೀಳುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಅನ್ನದಷ್ಟೇ ಏರಿಸಬಲ್ಲದು. ಮುದ್ದೆಯ ಗಾತ್ರ ಅರ್ಧ ಮಾಡಿ, ಸೊಪ್ಪಿನ ಹುಳಿ, ಕಾಳು ಹೆಚ್ಚಿಸಿ, ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ನೋಡಿ. ಮೀಟರ್ ತನ್ನ ಬೆಲೆ ತೀರಿಸುವುದು ಇಂಥ ಕೆಲಸದಲ್ಲಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಮಾತು ಬೇರೆ. ಶುಗರ್ ಏಕಾಏಕಿ ಕುಸಿಯುವ ಅಪಾಯ ಇರುವುದರಿಂದ ಅವರಿಗೆ ಮೀಟರ್ ಪ್ರಾಣರಕ್ಷಕ. ಬೆವರು, ನಡುಕ, ಎದೆಬಡಿತ, ಸಿಡಿಮಿಡಿ, ತಡವರಿಸುವ ಮಾತು ಕಂಡರೆ ಕೂಡಲೇ ನೋಡಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಸಕ್ಕರೆ ಅಥವಾ ಗ್ಲುಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರದೆ ಮೊದಲು ಸಕ್ಕರೆ ಕೊಡಿ. ರಂಜಾನ್ ಉಪವಾಸ ಮಾಡುವವರು, ಏಕಾದಶಿ ಹಿಡಿಯುವವರು ಮಾತ್ರೆಯ ಹೊತ್ತು, ಪ್ರಮಾಣವನ್ನು ವೈದ್ಯರ ಬಳಿ ಮೊದಲೇ ಮಾತಾಡಿಕೊಂಡು, ಹಗಲಿನಲ್ಲಿ ನೋಡಿಕೊಳ್ಳುತ್ತಿರಬೇಕು. 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಅಲ್ಲಿಗೇ ಬಿಡಬೇಕು.

ಮೀಟರ್ ಮಾಡಲಾಗದ ಕೆಲಸಗಳೂ ಇವೆ. ಅದು ಕಾಯಿಲೆ ಇದೆ ಎಂದು ತೀರ್ಮಾನಿಸುವ ಸಾಧನವಲ್ಲ. ಖಾಲಿಹೊಟ್ಟೆ 126, ಗ್ಲುಕೋಸ್ ಕುಡಿದು ಎರಡು ಗಂಟೆಗೆ 200, ಎಚ್‌ಬಿಎ1ಸಿ 6.5 ಎಂಬ ಗೆರೆಗಳು ಲ್ಯಾಬಿನ ರಕ್ತಕ್ಕೆ. ಲಕ್ಷಣ ಇಲ್ಲದವರಲ್ಲಿ ಎರಡು ಪರೀಕ್ಷೆ ಹೊಂದಬೇಕು. 45 ದಾಟಿದವರ ರಾಷ್ಟ್ರೀಯ ಸಮೀಕ್ಷೆಯಾದ ಲಾಸಿಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಧುಮೇಹ ಸಿಕ್ಕಿತು, ಅವರಲ್ಲಿ ನೂರಕ್ಕೆ 40 ಮಂದಿಗೆ ಅದು ಗೊತ್ತೇ ಇರಲಿಲ್ಲ. ಹಾಗೆ ಗೊತ್ತಿಲ್ಲದವರು ಮೀಟರ್ ಕೊಳ್ಳುವ ಅಗತ್ಯವಿಲ್ಲ. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ತಪಾಸಣೆ ಇದೆ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯವರು ಮನೆ ಬಾಗಿಲಿಗೇ ಬರುತ್ತಾರೆ. ಬಂದಾಗ ಕೈ ಕೊಡಿ. ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದ್ದರೆ, ಅಪ್ಪ-ಅಮ್ಮನಿಗೆ ಶುಗರ್ ಇದ್ದರೆ ಮುಂದೂಡಲೇಬೇಡಿ. ಈಗಾಗಲೇ ಕಾಯಿಲೆ ಇರುವವರು ಮೀಟರಿನ ಅಂಕಿ ಚೆನ್ನಾಗಿದೆ ಎಂದು ಉಳಿದದ್ದನ್ನು ಬಿಡಬಾರದು: ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್, ಕಣ್ಣಿನ ಪರದೆ, ಪಾದದ ಸ್ಪರ್ಶ ಪರೀಕ್ಷೆ. ಕಬ್ಬಿಣದ ಕೊರತೆಯಿಂದ ಎಚ್‌ಬಿಎ1ಸಿ ಕೂಡ ಸುಳ್ಳಾಗಿ ಏರಬಹುದು, ಹಾಗಾಗಿ ಹಿಮೋಗ್ಲೋಬಿನ್ ವರದಿಯನ್ನು ಜೊತೆಗಿಟ್ಟೇ ಓದಿಸಿ.

ತೋಳಿಗೆ ಅಂಟಿಸುವ, 14 ದಿನ ನಡೆಯುವ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರುಗಳು ಇನ್ಸುಲಿನ್ ರೋಗಿಗಳಿಗೆ, ರಾತ್ರಿ ಶುಗರ್ ಕುಸಿಯುವವರಿಗೆ ನಿಜಕ್ಕೂ ಉಪಯುಕ್ತ. ಉಳಿದವರಿಗೆ ವರ್ಷವಿಡೀ ಅದು ಭಾರವಾದ ಖರ್ಚು. ವರ್ಷಕ್ಕೊಂದೆರಡು ಸಲ ಹಾಕಿಕೊಂಡು ಊಟದ ಪರಿಣಾಮ ಕಲಿತರೆ ಸಾಕು. ಅದು ಅಳೆಯುವುದು ಚರ್ಮದಡಿಯ ದ್ರವವನ್ನಾದ್ದರಿಂದ ಶುಗರ್ ವೇಗವಾಗಿ ಏರಿಳಿಯುವಾಗ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಆ ಮಗ್ಗುಲಿಗೆ ಮಲಗಿದರೆ ಸುಳ್ಳು ಇಳಿಕೆಯೂ ಕಾಣಬಹುದು. ಚುಚ್ಚದೆಯೇ ಸಕ್ಕರೆ ತೋರಿಸುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಕೊಳ್ಳಲೇಬೇಡಿ. ಅಂಥ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಸಾರಿದೆ. ಅದರ ಅಂಕಿ ನಂಬಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಕುತ್ತು.

ಒಂದೇ ಚುಚ್ಚುವ ಪೆನ್ನನ್ನು ಗಂಡ-ಹೆಂಡತಿ ಹಂಚಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿದೆ. ಸೂಜಿ ಬದಲಿಸಿದರೂ ಪೆನ್ನಿನ ಬಾಯಿಗೆ ತಗುಲಿದ ರಕ್ತದಿಂದ ಹೆಪಟೈಟಿಸ್ ಬಿ ಹರಡಬಲ್ಲದು. ಮೀಟರ್ ಒಂದಿರಲಿ, ಪೆನ್ನು ತಲೆಗೊಂದು ಇರಲಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ಕಿನ ಹಳೆಯ ಫಿನಾಯಿಲ್ ಬಾಟಲಿಯಲ್ಲಿ ಸೇರಿಸಿ, ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ "ಸೂಜಿ" ಎಂದು ದಪ್ಪಕ್ಷರದಲ್ಲಿ ಬರೆದು, ಹಸಿ ಕಸ-ಒಣ ಕಸದೊಡನೆ ಬೆರೆಸದೆ ಪೌರಕಾರ್ಮಿಕರಿಗೆ ಬೇರೆಯಾಗಿ ಕೊಡಿ, ಅಥವಾ ಹತ್ತಿರದ ಆಸ್ಪತ್ರೆಯವರು ತೆಗೆದುಕೊಳ್ಳುತ್ತಾರೆಯೇ ಕೇಳಿ.